ಏರಿನ ಮನೆಯ ಮೂವತ್ತು ಚೀಲ

ಟಕ್ ಎಂದಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕ್. ಹಗುರವಾದದ್ದೇನನ್ನೋ ಮರದ ಮೇಲೆ ಜೋಪಾನವಾಗಿ ಇಟ್ಟಂಥ ಸದ್ದು.

ರಾತ್ರಿ ಎರಡು ದಾಟಿತ್ತು. ಇವರು ಗೋಡೆಗೆ ಮುಖ ಮಾಡಿ ಮಲಗಿದ್ದರು. ನಿದ್ದೆ ಬಂದಿದೆಯೋ ಇಲ್ಲವೋ ಎಂದು ಕೇಳುವುದನ್ನು ಈಚೆಗೆ ಬಿಟ್ಟಿದ್ದೇನೆ. ಎದ್ದು ಮೆಟ್ಟಿಲಿನ ತುದಿಯವರೆಗೆ ಬಂದೆ. ಕೆಳಗೆ ಮುಂದಿನ ಕೋಣೆಯಲ್ಲಿ, ಒಲೆಯ ಗಾಜಿನಿಂದ ಬರುವ ಬೆಳಕಿನಲ್ಲಿ, ಭಾವ ಹಾಸಿಗೆಯ ಅಂಚಿಗೆ ಕೂತಿದ್ದರು. ಭಾವ ಎಂದರೆ ಇವರ ಅಣ್ಣ. ಆಸ್ಪತ್ರೆಯಿಂದ ಬಂದು ಹನ್ನೊಂದು ದಿನವಾಗಿತ್ತು. ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಮೆಟ್ಟಿಲು ಹತ್ತುವಂತಿಲ್ಲವೆಂದು ಅವರ ಹಾಸಿಗೆಯನ್ನೇ ಕೆಳಗಿಳಿಸಿದ್ದೆವು.

ಅವರ ಮುಂದಿನ ಸ್ಟೂಲಿನ ಮೇಲೆ ಅಕ್ಕನ, ಎಂದರೆ ಭಾವನ ಹೆಂಡತಿಯ, ತರಕಾರಿ ಹೆಚ್ಚುವ ಹಲಗೆ ಇತ್ತು. ಹಲಗೆಯ ಅಡಿಗೆ, ನಡುವಿನಿಂದ ತುಸು ಹಿಂದಕ್ಕೆ, ಅಡ್ಡಲಾಗಿ ಲಟ್ಟಣಿಗೆ. ಮುಂದಿನ ತುದಿಗೆ ಆನಿಕೆಯಾಗಿ ಒಂದು ದಾರದ ಉಂಡೆ. ಹಲಗೆಯ ಮೇಲೆ ಬೆಂಕಿಪೊಟ್ಟಣಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದರು. ಎಂಟು ಆದ ಮೇಲೆ ಮುಂದಿನ ಮೂರನ್ನು ಎತ್ತಿ ಪಕ್ಕಕ್ಕಿಟ್ಟರು. ಹಲಗೆ ಹಿಂದಕ್ಕೆ ವಾಲಿತು. ಉಳಿದ ಐದೂ ಜಾರಿ ನೆಲಕ್ಕೆ ಬಿದ್ದವು. ಭಾವ ಒಂದು ಕೈಯಿಂದ ಮಂಚ ಹಿಡಿದು ಬಗ್ಗಿ, ಒಂದೊಂದನ್ನೇ ಹೆಕ್ಕಿಕೊಂಡು, ಮೊದಲಿನಿಂದ ಶುರು ಮಾಡಿದರು.

ಹಲಗೆ ಟ್ರೇಲರು, ಲಟ್ಟಣಿಗೆ ಗಾಲಿ, ಒಂದೊಂದು ಪೊಟ್ಟಣ ಹತ್ತು ಚೀಲ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸದ್ದಾಗದಂತೆ ಬಂದು ಮಲಗಿದೆ.

ನಮ್ಮದು ಪೆಲೆಟ್ ಸಾಗಿಸುವ ಮನೆ. ಮರದ ಹೊಟ್ಟನ್ನು ಒತ್ತಿ ಮಾಡಿದ, ಕಿರುಬೆರಳಿಗಿಂತ ಸಣ್ಣ ಕಡ್ಡಿಗಳು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಒಲೆಗೆ ಹಾಕುವಂಥವು. ಹದಿನೈದು ಕೆಜಿಯ ಚೀಲಗಳಲ್ಲಿ ಬರುತ್ತವೆ. ಒಂದು ಚೀಲವನ್ನು ಯಾರಾದರೂ ಎತ್ತಬಹುದು. ದಿನಕ್ಕೆ ನೂರ ನಲವತ್ತು ಎತ್ತುವವರ ಸೊಂಟದ ಕಥೆ ಬೇರೆ. ಟ್ರಕ್ಕಿನಲ್ಲಿ ಅರವತ್ತು, ಹಿಂದೆ ಕೊಂಡಿ ಹಾಕಿದ ಟ್ರೇಲರಿನಲ್ಲಿ ಎಂಬತ್ತು. ಇವರು ಗೋದಾಮಿನಲ್ಲಿ ಲೋಡ್ ಮಾಡುತ್ತಿದ್ದರು, ಭಾವ ಗಾಡಿ ಓಡಿಸುತ್ತಿದ್ದರು, ನಾನು ಫೋನ್ ತೆಗೆದುಕೊಂಡು ಯಾರ ಮನೆಗೆ ಮೊದಲು, ಯಾರ ಮನೆಗೆ ಕೊನೆಗೆ ಎಂದು ಪಟ್ಟಿ ಬರೆಯುತ್ತಿದ್ದೆ. ಮನೆಯಲ್ಲಿ ಕಾಲೇಜು ಮುಗಿಸಿದವಳು ನಾನೊಬ್ಬಳೇ. ಅದಕ್ಕೇ ಭಾವ ನನ್ನನ್ನು ಪ್ರೊಫೆಸರಮ್ಮ ಎನ್ನುತ್ತಿದ್ದರು.

ಲೋಡ್ ಮಾಡುವುದು ನನ್ನ ಪಟ್ಟಿಯ ಪ್ರಕಾರವೇ. ಒಬ್ಬೊಬ್ಬರ ಒಲೆಗೆ ಒಂದೊಂದು ಬಗೆಯ ಪೆಲೆಟ್ಟು, ಒಬ್ಬರ ಚೀಲ ಇನ್ನೊಬ್ಬರಿಗೆ ಆಗುವುದಿಲ್ಲ. ಕೊನೆಯ ಮನೆಯ ಚೀಲ ಟ್ರೇಲರಿನ ಮುಂಭಾಗಕ್ಕೆ, ಮೊದಲ ಮನೆಯದು ಹಿಂಭಾಗಕ್ಕೆ. ಹಿಂದಿನಿಂದ ಇಳಿಸುತ್ತಾ ಬಂದರೆ ಭಾರ ಯಾವಾಗಲೂ ಕೊಂಡಿಯ ಕಡೆಗೇ ಉಳಿಯುತ್ತದೆ. ಮದುವೆಯಾದ ಹೊಸತರಲ್ಲಿ ನಾನು ಕೇಳಿದ್ದೆ, ಮುಂದಿನದನ್ನು ಮೊದಲು ಇಳಿಸಿದರೆ ಏನಾಗುತ್ತದೆ ಎಂದು. "ಆಗ ಟ್ರೇಲರ್ ಗಾಡಿ ಓಡಿಸುತ್ತೆ, ನಾವು ಕೂತ್ಕೊಂಡು ನೋಡ್ತೀವಿ," ಎಂದಿದ್ದರು ಭಾವ.

ಆ ದಿನ ಬೆಳಿಗ್ಗೆ ಆರೂವರೆಗೆ ಏರಿನ ಮನೆಯ ಅಜ್ಜಿಯ ಫೋನ್ ಬಂತು. ಒಂಟಿ ಹೆಂಗಸು, ಊರಿನ ಮೇಲ್ತುದಿಯಲ್ಲಿ ಮನೆ. ಪಟ್ಟಿಯಲ್ಲಿ ಆಕೆಯದೇ ಕೊನೆಯ ಹೆಸರು, ಮೂವತ್ತು ಚೀಲ.

"ರಾತ್ರಿಯಿಂದ ಒಲೆ ಆರಿಹೋಗಿದೆ ಕಣಮ್ಮ. ಕೈ ಮರಗಟ್ಟಿ ಫೋನ್ ಒತ್ತೋಕೂ ಆಗ್ತಿಲ್ಲ. ನೀವು ಸಾಯಂಕಾಲ ತಂದ್ರೆ ಅದನ್ನ ಒಲೆಗೆ ಹಾಕೋಕೆ ನಾನಿರ್ಬೇಕಲ್ಲ."

ಆಗದ್ದನ್ನು ಆದಂತೆ ಕಾಣುವುದು ನನ್ನ ಹಳೆಯ ಕಾಯಿಲೆ. ಫೋನ್ ಇಟ್ಟ ಮೇಲೆ ಆಕೆಯ ಅಡುಗೆಮನೆ ಕಣ್ಣಿಗೆ ಕಟ್ಟಿತು, ತಣ್ಣಗಿನ ನೆಲದ ಮೇಲೆ ಬಿದ್ದ ಆಕೆಯೂ ಕಂಡರು. ಚಪ್ಪಲಿ ಮೆಟ್ಟಿ ಗೋದಾಮಿಗೆ ಓಡಿದೆ. ಲೋಡ್ ಮುಗಿದಿತ್ತು, ತಾಡಪಾಲು ಕಟ್ಟಿಯಾಗಿತ್ತು. ಇವರು ಫೋರ್ಕ್‌ಲಿಫ್ಟ್ ತೆಗೆದುಕೊಂಡು ಹಿಂದಿನ ಕೊಟ್ಟಿಗೆಗೆ ಹೋಗಿದ್ದರು. ಗೇಟಿನಲ್ಲಿ ಟ್ರಕ್ಕು, ಒಳಗೆ ಭಾವ. ಬೇರೆ ಯಾರೂ ಇರಲಿಲ್ಲ.

"ಭಾವ, ಏರಿನ ಮನೆಗೆ ಮೊದಲು ಹೋಗ್ಬಿಡಿ. ಅಜ್ಜಿ ಒಲೆ ಆರಿದೆಯಂತೆ."

"ಆ ಅಜ್ಜಿ ಒಲೆ ವಾರಕ್ಕೊಂದು ಸಲ ಆರುತ್ತೆ."

"ಈ ಸಲ ನಿಜ ಅನ್ಸುತ್ತೆ. ದನಿ ನಡುಗ್ತಿತ್ತು."

"ಅಜ್ಜಿ ಚೀಲ ಮುಂದಿದೆ ತಾಯಿ. ಅದನ್ನ ಇಳಿಸಿದ್ರೆ ಹಿಂದಿನದ್ದು ಇಪ್ಪತ್ತಾದ್ರೂ ಮುಂದಕ್ಕೆ ಹೊತ್ತು ಹಾಕ್ಬೇಕು. ಸೊಂಟ ಯಾರು ಸಾಲ ಕೊಡ್ತಾರೆ, ನಿನ್ನ ಗಂಡನಾ?"

ಹಿಂದಿನ ವಾರವಷ್ಟೇ ಭಾವ ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಎರಡು ದಿನ ನೆಲದ ಮೇಲೆ ಮಲಗಿದ್ದರು. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೊಂಡು ಹೋಗುತ್ತಿದ್ದರು. ಅದೂ ಕಣ್ಣ ಮುಂದೆ ಬಂತು.

"ಹೊರೋದೇನೂ ಬೇಡ ಭಾವ. ಮುಂದಿನ ಮನೆ ಅಲ್ಲೇ ಕೆಳಗಲ್ವಾ, ಎರಡು ಕಿಲೋಮೀಟರೂ ಇಲ್ಲ. ಹಾಗೇ ನಿಧಾನಕ್ಕೆ ಇಳಿದ್ರೆ ಆಗಲ್ವಾ?"

ಭಾವ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ನಕ್ಕರು. "ಸರಿ ಬಿಡು. ಪ್ರೊಫೆಸರಮ್ಮನೇ ಪಾಸ್ ಮಾಡಿದ ಮೇಲೆ ಮುಗೀತು." ಗೇರ್ ಹಾಕಿ ಹೊರಟರು. ಪಟ್ಟಿಯನ್ನು ನಾನು ತಿದ್ದಲಿಲ್ಲ. ಪೆನ್ನು ಮನೆಯಲ್ಲೇ ಉಳಿದಿತ್ತು.

ಒಂಬತ್ತಕ್ಕೆ ಇವರಿಗೆ ಫೋನ್ ಬಂತು. ಇಳಿಜಾರಿನ ಎರಡನೇ ತಿರುವಿನಲ್ಲಿ ಟ್ರೇಲರ್ ಅತ್ತಿತ್ತ ಬೀಸತೊಡಗಿ, ಟ್ರಕ್ಕಿನ ಬೆನ್ನು ಎತ್ತಿ ತಂದು ಕಲ್ಲಿನ ಗೋಡೆಗೆ ಒಗೆಯಿತು ಎಂದು ನೋಡಿದ ಹಾಲಿನ ಗಾಡಿಯವನು ಹೇಳಿದ. ನಾವು ತಲುಪುವಷ್ಟರಲ್ಲಿ ಭಾವನನ್ನು ಒಯ್ದಾಗಿತ್ತು. ಹರಿದ ಚೀಲಗಳಿಂದ ಚೆಲ್ಲಿದ ಪೆಲೆಟ್ಟು ಒದ್ದೆ ರಸ್ತೆಯಲ್ಲಿ ಆಗಲೇ ಉಬ್ಬಿ, ಮೆತ್ತಗೆ ಹೊಟ್ಟಾಗಿತ್ತು. ಜನ ಅದರ ಮೇಲೆ ಸದ್ದಿಲ್ಲದೆ ಓಡಾಡುತ್ತಿದ್ದರು.

ಆರನೆಯ ದಿನ ಭಾವನಿಗೆ ಮಾತು ಬಂತು. ಹಿಂದಿನ ರಾತ್ರಿ ಊಟ ಮಾಡಿದ್ದು ನೆನಪಿದೆ. ಆಮೇಲೆ ಆಸ್ಪತ್ರೆಯ ಸೂರು. ನಡುವಿನದು ಏನೂ ಇಲ್ಲ. ತಲೆಗೆ ಬಿದ್ದ ಪೆಟ್ಟು, ಅದು ಇನ್ನು ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಮಂಚದ ಕಾಲ ಬಳಿ ನಿಂತು ಕೇಳಿಸಿಕೊಂಡ ನನಗೆ ಎದೆಯಲ್ಲಿ ಏನೋ ಸಡಿಲವಾಯಿತು. ಅದು ದುಃಖವಲ್ಲ ಎಂದು ನನಗೆ ಆಗಲೇ ಗೊತ್ತಿತ್ತು.

ಹೇಳಬೇಕೆಂದು ಇರಲಿಲ್ಲವೆಂದಲ್ಲ. ಮೊದಲ ದಿನ ಅವರು ಬದುಕುತ್ತಾರೋ ಇಲ್ಲವೋ ಎಂಬ ಚಿಂತೆಯಲ್ಲಿ ಬಾಯಿ ತೆರೆಯಲಾಗಲಿಲ್ಲ. ಎರಡನೇ ದಿನ ಹೇಳಿದರೆ ಮೊದಲ ದಿನ ಯಾಕೆ ಹೇಳಲಿಲ್ಲ ಎನ್ನುತ್ತಾರೆ. ಹಾಗೇ ಒಂದೊಂದು ದಿನವೂ ಹೇಳಬೇಕಾದದ್ದಕ್ಕೆ ಸೇರಿಕೊಂಡಿತು. ಅಷ್ಟರಲ್ಲಿ ಸಾರಿಗೆ ಕಚೇರಿಯವರು ಬಂದು ನೋಡಿ, ಮುಂದಿನ ಮೂವತ್ತು ಚೀಲವನ್ನು ಮೊದಲು ಇಳಿಸಿ, ಉಳಿದದ್ದನ್ನು ಸರಿಸದೆ ಇಳಿಜಾರಿಗೆ ಬಿಟ್ಟದ್ದೇ ಕಾರಣ ಎಂದು ಬರೆದುಕೊಂಡು ಹೋದರು. ನನ್ನ ಪಟ್ಟಿಯನ್ನೂ ನೋಡಿದರು. ಅದರಲ್ಲಿ ಅಜ್ಜಿ ಕೊನೆಗೇ ಇದ್ದರು. ಪಟ್ಟಿ ಸರಿಯಾಗಿದೆಯಲ್ಲ, ಡ್ರೈವರೇ ಕ್ರಮ ತಪ್ಪಿಸಿದ್ದಾನೆ ಎಂದರು.

ಯಾಕೆ ತಪ್ಪಿಸಿದರು ಎಂಬುದಕ್ಕೆ ಅಕ್ಕನ ಬಳಿ ಉತ್ತರ ಇತ್ತು. ಭಾವ ಹೋದಾಗಲೆಲ್ಲ ಏರಿನ ಮನೆಯ ಅಜ್ಜಿ ಕಾಫಿ ಕೊಡುತ್ತಿದ್ದುದು ಮನೆಯಲ್ಲಿ ನಗುವ ವಿಷಯವಾಗಿತ್ತು.

"ಬೆಳಿಗ್ಗೆ ನಾನು ಕೊಟ್ಟ ಕಾಫಿ ತಣ್ಣಗಿತ್ತು ಕಣೆ," ಎಂದಳು ಅಕ್ಕ ಒಮ್ಮೆ, ಪಾತ್ರೆ ಉಜ್ಜುತ್ತಾ. "ಏನೂ ಅನ್ನದೆ ಕುಡಿದ್ರು. ಬಿಸಿದು ಬೇಕು ಅಂತ ನೇರ ಅಲ್ಲಿಗೆ ಹೋಗಿದಾರೆ. ಒಂದು ಲೋಟಕ್ಕೆ ಒಂದು ಕಾಲು."

"ಹಾಗಲ್ಲ ಅಕ್ಕ."

"ಮತ್ತೆ ಹೇಗೆ? ನೀನು ಓದಿದೋಳು, ನೀನೇ ಹೇಳು."

ನಾನು ಒರೆಸಿದ್ದ ತಟ್ಟೆಯನ್ನೇ ಮತ್ತೆ ಒರೆಸಿದೆ.

ಬೆಂಕಿಪೊಟ್ಟಣದ ಸದ್ದು ಕೇಳಿದ ಮರುದಿನ ಮಧ್ಯಾಹ್ನ ಭಾವ ಎಲ್ಲರನ್ನೂ ಕರೆದರು. ಹದಿನೈದು ದಿನದೊಳಗೆ ವಿವರಣೆ ಕೊಡಬೇಕೆಂಬ ಸಾರಿಗೆ ಕಚೇರಿಯ ಕಾಗದ ತೊಡೆಯ ಮೇಲಿತ್ತು.

"ಪ್ರೊಫೆಸರಮ್ಮ, ಬಿಳಿ ಹಾಳೆ ತಗೊಂಡು ಬಾ. ನಾನು ಹೇಳ್ತೀನಿ, ನೀನು ನೆಟ್ಟಗೆ ಬರಿ. ಲೈಸೆನ್ಸ್ ವಾಪಸ್ ಕೊಡ್ತೀನಿ ಅಂತ."

ಊಟಕ್ಕೆ ಬಂದಿದ್ದ ಇವರು ಕೈ ತೊಳೆಯದೆ ಬಂದು ನಿಂತರು. "ಅಣ್ಣ, ಅವಸರ ಏನಿದೆ? ಒಂದೇ ಕಾಲಿರೋರಿಗೂ ಗಾಡಿ ಇದೆಯಂತೆ, ಬ್ರೇಕೆಲ್ಲ ಕೈಯಲ್ಲೇ. ಸರಿಯಾದ ಕಾರಣ ಇದ್ರೆ ಲೈಸೆನ್ಸ್ ಉಳಿಯುತ್ತೆ ಅಂತ ಆ ಆಫೀಸಿನವನೇ ಅಂದ."

"ಏನು ಕಾರಣ? ಇದ್ರೆ ಹೇಳು, ಬರೆಸ್ತೀನಿ."

ಇವರು ಕಚೇರಿಯ ಕಾಗದವನ್ನು ಎತ್ತಿಕೊಂಡು ಮತ್ತೆ ಓದತೊಡಗಿದರು.

"ಕಾಫಿ ಅಂತ ಬರೆಸಿ," ಎಂದಳು ಅಕ್ಕ ಬಾಗಿಲಿನಿಂದ.

"ಅದೂ ಇರಬಹುದು," ಎಂದು ಭಾವ ಒಬ್ಬರೇ ನಕ್ಕರು. ನಗು ಬೇಗ ಮುಗಿಯಿತು. "ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲಾನೂ ನಾನು ಮುಂದಿನದ್ದು ಮೊದಲು ಇಳಿಸಿಲ್ಲ. ಕಾಲು ಹೋಯ್ತು, ಹೋಗ್ಲಿ. ಅದು ಹೆಂಗೆ ಹೋಯ್ತು ಅಂತ ಗೊತ್ತು. ತಲೆ ಯಾವಾಗ ಹೋಯ್ತು ಅಂತ ಗೊತ್ತಾಗ್ತಿಲ್ಲ. ಏನೂ ಕಾರಣ ಇಲ್ದೆ ಹಾಗೆ ಮಾಡಿದೋನು ನಾಳೆ ಮತ್ತೆ ಮಾಡ್ತಾನೆ. ಎದುರಿಗೆ ಯಾರದೋ ಮಗು ಬರುತ್ತೆ. ಅಂಥೋನ ಕೈಗೆ ಗಾಡಿ ಕೊಡಬಾರ್ದು."

ನನ್ನ ಕಡೆ ತಿರುಗಿದರು.

"ಆವತ್ತು ನೀನೇನಾದ್ರೂ ಗೇಟಿನ ಹತ್ರ ಬಂದಿದ್ಯಾಮ್ಮ? ನಾನು ಹೇಗಿದ್ದೆ, ಏನಾದ್ರೂ ಅಂದ್ನಾ? ಒಂದು ಮಾತು ಸಿಕ್ರೂ ಸಾಕು ನನಗೆ."

ನಾನು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ಆಗ ನಡುಮನೆಯಲ್ಲಿ ಫೋನ್ ಹೊಡೆದುಕೊಂಡಿತು. ಎದ್ದು ಹೋದೆ.

ಏರಿನ ಮನೆಯ ಅಜ್ಜಿ. "ಹೇಗಿದಾರಮ್ಮ ಅವರು? ನನಗೆ ರಾತ್ರಿಯೆಲ್ಲ ಅದೇ ಯೋಚನೆ. ನಿನ್ನ ಹತ್ರ ಸುಳ್ಳು ಹೇಳ್ಬಾರ್ದು, ಆವತ್ತು ಇನ್ನೂ ಎರಡು ಚೀಲ ಇತ್ತು. ಮುಗಿಯೋದ್ರೊಳಗೆ ಬರ್ಲಿ ಅಂತ ಹಾಗಂದೆ. ನೀವು ಯಾವಾಗ್ಲೂ ನನ್ನ ಕೊನೆಗೇ ಹಾಕ್ತೀರಲ್ಲ."

ನಾನು ಕೋಣೆಯ ಕಡೆಗೆ ಬೆನ್ನು ಮಾಡಿ ಫೋನನ್ನು ಕಿವಿಗೆ ಒತ್ತಿಕೊಂಡೆ.

"ಚೀಲ ಇಳಿಸುವಾಗ ನಗ್ತಾನೇ ಇದ್ರು ಪಾಪ. ನಮ್ಮ ಪ್ರೊಫೆಸರಮ್ಮ ಹೇಳಿದ್ದಕ್ಕೆ ನಿಮ್ಮನೇಗೆ ಮೊದಲು ಬಂದೆ ಅಜ್ಜಿ, ಇಲ್ದಿದ್ರೆ ಬರ್ತಿರ್ಲಿಲ್ಲ ಅಂದ್ರು. ಕಾಫಿಗೂ ಕೂರ್ಲಿಲ್ಲ. ನಾಳೆ ಯಾರಾದ್ರೂ ಕರ್ಕೊಂಡು ಬಂದ್ರೆ ಅವರನ್ನ ಒಂದ್ಸಲ ನೋಡ್ಕೊಂಡು ಹೋಗ್ತೀನಿ."

"ಬೇಡ ಅಜ್ಜಿ," ಎಂದೆ. ನನ್ನ ದನಿ ಎಷ್ಟು ಸಮಾಧಾನವಾಗಿತ್ತೆಂದರೆ ನನಗೇ ಆಶ್ಚರ್ಯವಾಯಿತು. "ಡಾಕ್ಟ್ರು ಯಾರನ್ನೂ ಬಿಡಬೇಡಿ ಅಂದಿದಾರೆ. ಮಾತಾಡಿದ್ರೆ ತಲೆನೋವು ಜಾಸ್ತಿಯಾಗುತ್ತೆ. ನೀವು ಕೇಳಿದ್ರಿ ಅಂತ ನಾನೇ ಹೇಳ್ತೀನಿ."

ಒಳಗೆ ಬಂದಾಗ ಮೂವರೂ ನಾನು ಬಿಟ್ಟು ಹೋದಲ್ಲೇ ಇದ್ದರು.

"ಯಾರದ್ದು?" ಎಂದರು ಇವರು.

"ಪೆಲೆಟ್ ಕೇಳ್ತಿದ್ರು. ಈ ವಾರ ಆಗಲ್ಲ ಅಂದೆ."

ಭಾವ ಇನ್ನೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಒಂದು ಕಾರಣ ಸಿಕ್ಕಿದ್ದರೆ ಅವರು ಅಕ್ಕನ ಮುಖ ನೋಡಿ ಮಾತಾಡಬಹುದಿತ್ತು, ತಮ್ಮ ತಲೆಯನ್ನು ತಾವು ನಂಬಬಹುದಿತ್ತು, ಮುಂದೊಂದು ದಿನ ಸ್ಟಿಯರಿಂಗ್ ಹಿಡಿಯಲೂಬಹುದಿತ್ತು. ಇದೆಲ್ಲ ನನಗೆ ಆ ಹೊತ್ತಿನಲ್ಲಿ ತಿಳಿಯದೇ ಇರಲಿಲ್ಲ. ಬಾಗಿಲಲ್ಲಿ ಅಕ್ಕ ಸೆರಗಿಗೆ ಕೈ ಒರೆಸುತ್ತಾ ನಿಂತಿದ್ದಳು. ಅವಳು ನನ್ನ ಕಡೆ ತಿರುಗುವ ರೀತಿಯನ್ನೂ, ಇವರು ನನ್ನಿಂದ ಮುಖ ತಿರುಗಿಸುವ ರೀತಿಯನ್ನೂ ಸ್ಪಷ್ಟವಾಗಿ ಕಂಡೆ.

"ಇಲ್ಲ ಭಾವ. ಆವತ್ತು ನಾನು ಗೇಟಿನ ಕಡೆ ಬರಲೇ ಇಲ್ಲ."

"ಹ್ಞೂಂ," ಎಂದರು. "ಹಾಗಾದ್ರೆ ಬರಿ."

ಬರೆದೆ. 'ಕ್ರಮ ಬದಲಾದುದರ ಕಾರಣ ತಿಳಿದುಬಂದಿಲ್ಲ' ಎಂಬಲ್ಲಿಗೆ ಬಂದಾಗ ಭಾವ ತಡೆದರು. "ತೆಗಿ ಅದನ್ನ. ಅದು ಜಾರ್ಕೊಳ್ಳೋ ಮಾತು. ಗಾಡಿ ನನ್ನ ಕೈಲಿತ್ತು, ನಾನೇ ಮಾಡಿದ್ದು, ತಪ್ಪು ನನ್ನದೊಬ್ಬಂದೇ ಅಂತ ಬರಿ. ನನ್ನ ತಮ್ಮನ ಲೋಡ್ ಸರಿಯಾಗಿತ್ತು, ಪಟ್ಟಿ ಬರೆದೋರದ್ದೂ ತಪ್ಪಿಲ್ಲ ಅಂತ ಸೇರಿಸು. ನಾಳೆ ಯಾರೂ ನಿಮ್ಮನ್ನ ಕೇಳ್ಬಾರ್ದು."

ಹೊಸ ಹಾಳೆ ತೆಗೆದು ಮೊದಲಿನಿಂದ ಬರೆದೆ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಓದಿ ಹೇಳಿದಾಗ ಭಾವ ಕಣ್ಣು ಮುಚ್ಚಿ ಕೇಳಿ, "ಚೆನ್ನಾಗಿದೆ," ಎಂದು ಸಹಿ ಹಾಕಿದರು. ಸಹಿ ಸಾಲು ಬಿಟ್ಟು ಕೆಳಕ್ಕೆ ಇಳಿದಿತ್ತು.

ಇವರು ಲಕೋಟೆ ಜೇಬಿಗಿಟ್ಟುಕೊಂಡು ಹೊರಟರು. ನಾನು ಗೇಟಿನ ತನಕ ಹೋದೆ.

"ಯಾಕೆ ಹೀಗಿದೀಯ ನೀನು, ಇಷ್ಟು ದಿನದಿಂದ?" ಎಂದರು. "ಏನಾದ್ರೂ ಹೇಳೋದಿದ್ರೆ ಹೇಳು. ಈಗಲೇ ಹೇಳು."

"ಏನೂ ಇಲ್ಲ. ಕಚೇರಿ ಮುಚ್ಚೋದ್ರೊಳಗೆ ಕೊಟ್ಟು ಬನ್ನಿ."

ಇಷ್ಟು ದಿನ ಪ್ರತಿ ಬೆಳಿಗ್ಗೆ, ಇವತ್ತು ಬೇಡ ಎಂದುಕೊಳ್ಳುತ್ತಿದ್ದೆ. ಅವರು ತಿರುವಿನಲ್ಲಿ ಮರೆಯಾದ ಮೇಲೆ ನೋಡಿಕೊಂಡರೆ, ಹಾಗೆ ಎಂದುಕೊಳ್ಳುವುದೂ ನಿಂತುಹೋಗಿತ್ತು. ಭಾವನಿಗೆ ಹೇಳುವುದಿಲ್ಲ. ಇವರಿಗೂ ಇಲ್ಲ. ಅಕ್ಕನಿಗಂತೂ ಇಲ್ಲವೇ ಇಲ್ಲ. ಏರಿನ ಮನೆಗೆ ಇನ್ನು ಬೇರೆಯವರಿಂದ ಪೆಲೆಟ್ ಹೋಗುವಂತೆ ಮಾಡಬೇಕು. ನಾಳೆ ಬೆಳಿಗ್ಗೆ, ಬೇರೆ ಯಾರೂ ಫೋನ್ ಎತ್ತುವ ಮೊದಲು, ನಾನೇ ಅಜ್ಜಿಗೆ ಫೋನ್ ಮಾಡಿ ಒಂದು ಒಳ್ಳೆಯ ನೆಪ ಹೇಳಬೇಕು ಎಂದು ಯೋಚಿಸುತ್ತಾ ಗೇಟಿನ ಚಿಲಕ ಹಾಕಿದೆ.