ಬಾಯಿ ಬಿಡದ ಅತ್ತೆ

ನನ್ನ ಬಲಗೈ, ಬಲಗಾಲು ಬಿದ್ದುಹೋಗಿ ಎರಡು ವರ್ಷವಾಯಿತು. ಅವುಗಳ ಜೊತೆ ಮಾತೂ ಹೋಯಿತು, ಒಂದನ್ನು ಬಿಟ್ಟು. "ಹಾಳಾಗ್ಹೋಗು!" ನೀರು ಬೇಕೆಂದು ಬಾಯಿ ತೆರೆದರೂ ಅದೇ, ನೋವು ಎನ್ನಲು ಹೋದರೂ ಅದೇ. ಮೆದುಳಿಗೆ ಪೆಟ್ಟಾದವರಲ್ಲಿ ಒಮ್ಮೊಮ್ಮೆ ಬೈಗುಳ ಮಾತ್ರ ಉಳಿದುಕೊಳ್ಳುತ್ತದೆ ಎಂದರು ಡಾಕ್ಟರು. ಹೌದಪ್ಪ, ಒಳ್ಳೆಯ ಮಾತಾಡಿ ಅಭ್ಯಾಸವಿದ್ದರೆ ತಾನೇ ಅದು ಉಳಿಯುವುದು!

ಎದುರು ಮನೆಯವಳಿಗೆ ಇದೊಂದು ತಮಾಷೆ. ನಾನು ಕೂಗಿದರೆ "ಶುರುವಾಯ್ತು ನೋಡು ಅಜ್ಜಿ ಪುರಾಣ" ಎಂದು ಟೀವಿಯ ಸದ್ದು ಹೆಚ್ಚಿಸುತ್ತಾಳೆ. ಸೊಸೆ ಮಾತ್ರ ಆ ಒಂದೇ ಮಾತಿನ ಏರಿಳಿತ ಹಿಡಿದು, "ನೀರಾ ಅತ್ತೆ? ಮಗ್ಗುಲು ಬದಲಿಸ್ಲಾ?" ಎಂದು ಕೇಳುತ್ತಾಳೆ. ನನ್ನ ಬೆನ್ನು ಹುಣ್ಣಾಗಬಾರದೆಂದು ರಾತ್ರಿಯೆಲ್ಲ ಎದ್ದೆದ್ದು ಹೊರಳಿಸುತ್ತಾಳೆ. ನಿದ್ದೆಗೆಟ್ಟು ಅವಳ ಮುಖ ಬಾಡಿಹೋಗಿದೆ. ನೋಡುವ ಕಣ್ಣು ನನಗಿದೆ, ಹೇಳುವ ಬಾಯಿಲ್ಲ.

ಆ ಮಧ್ಯಾಹ್ನ ಅವಳು ಕಸ ಹೊರಗಿಟ್ಟು ಬಂದು, ಒಲೆಯ ಮೇಲೆ ಹಾಲಿಟ್ಟಳು. ನನ್ನ ಮಂಚದಿಂದ ಅಡುಗೆಮನೆಯ ಬಾಗಿಲು ನೇರವಾಗಿ ಕಾಣುತ್ತದೆ. ಅವಳು ಗೋಡೆ ಹಿಡಿದು ನಿಂತಳು. "ಅಯ್ಯೋ" ಎಂದಳು, ತನಗೆ ತಾನೇ. ಮೊಳೆಯಿಂದ ಬಟ್ಟೆ ಜಾರಿದ ಹಾಗೆ ಕುಸಿದಳು, ಸದ್ದೂ ಆಗಲಿಲ್ಲ. ಅವಳ ಪಾದಗಳಷ್ಟೇ ನನಗೆ ಕಾಣುತ್ತಿದ್ದವು.

"ಹಾಳಾಗ್ಹೋಗು!" ಎಂದು ಕೂಗಿದೆ. ಏಳೇ ತಾಯಿ ಎಂಬುದು ಮನಸ್ಸಿನಲ್ಲಿದ್ದದ್ದು. ಪಾದ ಅಲುಗಲಿಲ್ಲ. ಗಂಟಲು ಹರಿಯುವಂತೆ ಕೂಗಿದೆ. ಎದುರು ಮನೆಯ ಟೀವಿ ಜೋರಾಯಿತು. ಹಾಲು ಉಕ್ಕಿ ಚುಸ್ಸೆಂದು ಒಲೆ ಆರಿತು. ಸ್ವಲ್ಪ ಹೊತ್ತಿಗೆ ಗ್ಯಾಸಿನ ವಾಸನೆ ಮೂಗಿಗೆ ಬಡಿಯಿತು.

ನಾನು ಸತ್ತರೆ ಸತ್ತೆ, ಮೂಟೆ ಕಟ್ಟಿಕೊಂಡು ಕಾದು ಕೂತವಳು. ಅವಳಿಗಿನ್ನೂ ನಲವತ್ತು ತುಂಬಿಲ್ಲ. ನನ್ನ ಚಾಕರಿ ಮಾಡಿ ಮಾಡಿಯೇ ಅವಳ ಉಸಿರು ನಿಲ್ಲಬೇಕೇ?

ಕೆಳಗಿನ ಮನೆಯವನು ದರ್ಜಿ, ಮಹಾ ಮುಂಗೋಪಿ. ನಮ್ಮಲ್ಲಿ ಲೋಟ ಬಿದ್ದರೂ ಕೋಲಿನಿಂದ ಚಾವಣಿ ಕುಟ್ಟುತ್ತಾನೆ. ನಾನು ಬೀಳದಿರಲೆಂದು ಸೊಸೆ ಮಂಚಕ್ಕೊತ್ತಿ ಇಟ್ಟಿದ್ದ ಕುರ್ಚಿಯನ್ನು ಎಡಗಾಲಿನಿಂದ ಒದ್ದೆ. ಅದು ಉರುಳಿತು. ಕೆಳಗಿನಿಂದ ಟಕ್ ಟಕ್ ಎಂದು ಕೋಲಿನ ಸದ್ದು. ಬಾರೋ ಮಾರಾಯ, ಬಂದು ಜಗಳ ಆಡು! ಬರಲಿಲ್ಲ. ಹೊಲಿಗೆ ಯಂತ್ರ ಮತ್ತೆ ಗಡಗಡ ಎನ್ನತೊಡಗಿತು.

ಉಳಿದದ್ದು ಒಂದೇ ದಾರಿ. ಎಡಗೈಯಲ್ಲಿ ಮಂಚದ ಅಂಚು ಹಿಡಿದು ಮೈ ಎಳೆದೆ. ಸತ್ತ ಅರ್ಧ ಮೈ ಬರಲೊಲ್ಲೆ ಎಂದು ಹಟ ಹಿಡಿಯಿತು. ಭಯವಾಯಿತು, ಸುಳ್ಳೇಕೆ ಹೇಳಲಿ. ಕಣ್ಣು ಮುಚ್ಚಿ ಉರುಳಿದೆ.

ನೆಲ ನಡುಗಿತು. ಹಣೆ ಒಡೆದು ಬಾಯಿಗೆ ಉಪ್ಪುಪ್ಪಾಗಿ ರಕ್ತ ಇಳಿಯಿತು. ಯಂತ್ರ ನಿಂತಿತು. ಮೆಟ್ಟಿಲ ಮೇಲೆ ಧಡಧಡ ಹೆಜ್ಜೆ.

"ಏನ್ರೀ ಇದು, ಮನೇನಾ ಕುಸ್ತಿ ಅಖಾಡಾನಾ?" ಎನ್ನುತ್ತಲೇ ದರ್ಜಿ ಬಾಗಿಲು ತಳ್ಳಿದ. ಪುಣ್ಯಕ್ಕೆ ಸೊಸೆ ಚಿಲಕ ಹಾಕಿರಲಿಲ್ಲ. ನನ್ನನ್ನು ಎತ್ತಲು ಬಗ್ಗಿದವನನ್ನು ದಬ್ಬಿ ಅಡುಗೆಮನೆಯತ್ತ ಕೈ ತೋರಿಸಿದೆ.

"ಅಯ್ಯಯ್ಯೋ, ಗ್ಯಾಸು!" ಓಡಿಹೋಗಿ ಒಲೆಯ ಗುಂಡಿ ತಿರುಗಿಸಿದ, ಕಿಟಕಿ ತೆರೆದ, ಸೊಸೆಯನ್ನು ಹೊರಗೆಳೆದ. ಆಸ್ಪತ್ರೆಗೂ ಅವನೇ ಕರೆದುಕೊಂಡು ಹೋದ. ಅವನ ಹೆಂಡತಿ ನನ್ನ ಹಣೆಗೆ ಪಟ್ಟಿ ಕಟ್ಟಿದಳು.

ಸಂಜೆ ಗ್ಲೂಕೋಸ್ ಏರಿಸಿ ಸೊಸೆಯನ್ನು ಮನೆಗೆ ಕಳಿಸಿದರು. ಜ್ವರ ಬಂದದ್ದನ್ನು ಮುಚ್ಚಿಟ್ಟಿದ್ದಳಂತೆ, ಹೊಟ್ಟೆಗೂ ಸರಿಯಾಗಿ ತಿಂದಿರಲಿಲ್ಲವಂತೆ. ವಾರವಿಡೀ ಮಲಗಿರಬೇಕೆಂದು ಡಾಕ್ಟರು ಹೇಳಿದ್ದರು. ಕೆಲಸ ಬಿಟ್ಟು ಮಗ ಓಡಿಬಂದ, ಮಗಳೂ ಬಂದಳು.

"ಅತ್ತಿಗೆ, ನೀವು ನಮ್ಮ ಪಾಲಿನ ದೇವರು" ಎಂದು ಮಗಳು ಕಣ್ಣೊರೆಸಿಕೊಂಡಳು.

"ನಿನ್ನ ಹಾಗೆ ಅಮ್ಮನ್ನ ನೋಡ್ಕೊಳ್ಳೋಕೆ ಬೇರೆ ಯಾರ ಕೈಲೂ ಆಗಲ್ಲ ಬಿಡು" ಎಂದ ಮಗ.

ಹೊಗಳಿ ಅಟ್ಟಕ್ಕೇರಿಸಿದರು. ಆಮೇಲೆ ಮಗಳು ಹೊತ್ತಾಯಿತೆಂದು ಹೊರಟಳು, ಮಗ ಫೋನು ಹಿಡಿದು ಕೂತ. ಆ ದೇವರು ಗೋಡೆ ಹಿಡಿದುಕೊಂಡು ನನ್ನ ಗಂಜಿಯ ಬಟ್ಟಲು ತಂದಿತು. ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿ ಬಿಗಿದೆ.

"ಸ್ವಲ್ಪ ತಗೊಳ್ಳಿ ಅತ್ತೆ" ಎಂದು ಚಮಚ ತುಟಿಗೆ ತಾಗಿಸಿದಳು. ಮುಖ ತಿರುಗಿಸಿದೆ.

"ನೋಡು, ಇಷ್ಟೆಲ್ಲ ಮಾಡಿದವಳ ಮೇಲೂ ಸಿಟ್ಟು!" ಎಂದ ಮಗ.

ಸೊಸೆಯ ಕಣ್ಣು ತುಂಬಿತು. "ನಾನೇನು ತಪ್ಪು ಮಾಡ್ದೆ ಅತ್ತೆ?"

ಹೇಳಲು ಮಾತಿದ್ದರೆ ಹೇಳುತ್ತಿರಲಿಲ್ಲವೇ? ಅವಳ ಕೈಯಿಂದ ಚಮಚ ಕಿತ್ತುಕೊಂಡು ಮಗನತ್ತ ಚಾಚಿದೆ.

"ನಾನಾ? ನಂಗೆ ಬರಲ್ಲಮ್ಮ!"

ಚಾಚಿದ ಕೈ ಇಳಿಸಲಿಲ್ಲ. ಕೊನೆಗೆ ಅವನು ಫೋನು ಕೆಳಗಿಟ್ಟು ಬಂದ.

ಸೊಸೆ ಗೋಡೆ ಬದಿಯ ಚಾಪೆಯ ಮೇಲೆ ಕೂತು ಹೇಳಿಕೊಟ್ಟಳು. "ನೆಟ್ಟಗೆ ಕೂರ್ಸಿ. ಗಲ್ಲ ಸ್ವಲ್ಪ ಕೆಳಗೆ. ನುಂಗಿದ್ಮೇಲೇ ಇನ್ನೊಂದು ಕೊಡಿ, ಇಲ್ದಿದ್ರೆ ನೆತ್ತಿಗೇರುತ್ತೆ."

ಮೊದಲ ಚಮಚ ಚೆಲ್ಲಿ ಕುತ್ತಿಗೆಗೆ ಇಳಿಯಿತು. ಎರಡನೆಯದು ಬಾಯಿಗೆ ಬಂತು. ನನ್ನ ಗಂಟಲು ಬೇಗ ನುಂಗುವಂಥದ್ದಲ್ಲ. ಅವನು ಕಾದ. ಕಾದೇ ಕಾದ.

"ಒಂದು ಚಮಚಕ್ಕೆ ಇಷ್ಟೊತ್ತಾ? ದಿನಾ ಹಿಂಗೇನಾ?" ಎಂದು ಹೆಂಡತಿಯ ಕಡೆ ತಿರುಗಿದ.

ಅವಳು ಗೋಡೆಗೊರಗಿ ನಿದ್ದೆ ಹೋಗಿದ್ದಳು. ಮಗ ಬಹಳ ಹೊತ್ತು ಅವಳನ್ನೇ ನೋಡಿದ. ಎದ್ದು ಹೋಗಿ ಹೊದಿಕೆ ಹೊದಿಸಿ ಬಂದು ಮತ್ತೆ ಚಮಚ ಹಿಡಿದ. ಅರ್ಧ ಬಟ್ಟಲಿಗೇ ನನ್ನ ಹೊಟ್ಟೆ ತುಂಬಿತು.

"ಇನ್ನೂ ಬೇಕೇನಮ್ಮ?" ಎಂದು ಪಿಸುಗುಟ್ಟಿದ.

ಬೇಡವಾಗಿತ್ತು. ಆದರೆ ಬಟ್ಟಲು ಕೆಳಗಿಟ್ಟರೆ ಸದ್ದಾಗುತ್ತದೆ, ಅವಳಿಗೆ ಎಚ್ಚರವಾಗುತ್ತದೆ, ಎಚ್ಚರವಾದರೆ ಅದನ್ನು ತೊಳೆಯಲು ಏಳುತ್ತಾಳೆ. ನಾನು ಬಾಯಿ ತೆರೆದೆ.