ಮಂಗಳವಾರದ ಮಾತು

ಜಾಲಿಂದರನಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಖಡಕವಾಡಿಯ ಹೆಂಗಸರೆಲ್ಲ ಶೇವಂತಾಳ ಮುಂದೆ ಹೇಳುವವರೇ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಬೆಳಿಗ್ಗೆ ಸಂಜೆ ಡೇರಿಯಲ್ಲಿ ಹಾಲು ಅಳೆಯುತ್ತಾನೆ, ಮನೆಗೆ ಬಂದು ಭಾಕರಿ ತಿನ್ನುತ್ತಾನೆ, ಮಲಗುತ್ತಾನೆ. ಇಂಥವನ ಮೇಲೆ ಏನೆಂದು ದೂರು ಹೇಳುವುದು? ಕಿವಿ ಕೇಳುವುದಿಲ್ಲ ಎಂದೇ? ಕಿವಿ ಚೆನ್ನಾಗಿಯೇ ಇದೆ. ಹಾಲಿಗೆ ಯಾರಾದರೂ ನೀರು ಬೆರೆಸಿದ್ದರೆ ಕ್ಯಾನಿಗೆ ಸುರಿಯುವ ಸದ್ದಿನಲ್ಲೇ ಹೇಳಿಬಿಡುತ್ತಾನೆ. ಹೆಂಡತಿಯ ಮಾತು ಮಾತ್ರ ಆ ಕಿವಿಯೊಳಗೆ ಇಳಿಯುವುದಿಲ್ಲ. ಹದಿನೈದು ವರ್ಷ ಸಂಸಾರ ಮಾಡಿದ ಮೇಲೆ ಶೇವಂತಾಳಿಗೆ ಇದು ಖಾತ್ರಿಯಾಗಿತ್ತು.

ಮಗಳು ಉಜ್ವಲಾ ಏಳನೇ ಇಯತ್ತೆಯಲ್ಲಿ ಶಾಲೆಗೇ ಮೊದಲು ಬಂದಿದ್ದಳು. ಊರಿನ ಶಾಲೆ ಅಲ್ಲಿಗೇ ಮುಗಿಯುತ್ತದೆ. ಎಂಟನೆಯದಕ್ಕೆ ತಾಲೂಕಿನ ಊರಿಗೆ ಹೋಗಬೇಕು, ಅಲ್ಲಿ ಹುಡುಗಿಯರ ಹಾಸ್ಟೆಲ್ ಇದೆ. ಗಾಯಕವಾಡ ಮಾಸ್ತರರು ತಾವೇ ಫಾರ್ಮ್ ತಂದು, ತಾವೇ ತುಂಬಿ, ತಂದೆಯ ಸಹಿಯ ಜಾಗವೊಂದನ್ನು ಬಿಟ್ಟು ಶೇವಂತಾಳ ಕೈಗೆ ಕೊಟ್ಟು ಒಂದೂವರೆ ತಿಂಗಳಾಯಿತು. ಮೆಸಾಯಿ ದೇವಿಯ ಪಟದ ಹಿಂದೆ ಆ ಫಾರ್ಮ್ ಸಿಕ್ಕಿಸಿಟ್ಟು, ದಿನಕ್ಕೊಮ್ಮೆ ತೆಗೆದು, ಗಂಡನ ಮುಂದೆ ಹಿಡಿದು, ಮತ್ತೆ ಅಲ್ಲೇ ಸಿಕ್ಕಿಸುವುದು ಅವಳಿಗೆ ಕಸ ಗುಡಿಸಿದಂತೆ ರೂಢಿಯಾಗಿಬಿಟ್ಟಿತ್ತು.

"ಏನ್ರಿ, ಸಹಿ ಹಾಕ್ರಿ."

"ಹೂಂ."

"ಹೂಂ ಅಂದ್ರ ಹಾಕ್ತೀರೋ ಇಲ್ಲೋ?"

"ನೋಡೋಣು."

"ಏನ್ ನೋಡೂದೈತಿ ಅದರಾಗ? ಫಾರ್ಮ್ ಐತಿ, ಪೆನ್ನು ಐತಿ, ನೀವದೀರಿ."

"ತಾತ್ಯಾನ್ನ ಒಂದು ಮಾತು ಕೇಳಬೇಕಲ್ಲ."

"ಕೇಳ್ರಿ ಮತ್ತ! ಎದುರುಮನ್ಯಾಗ ಅದಾರ, ಕಾಶಿಯಾಗಿಲ್ಲ."

"ಹೂಂ. ಸಾರು ಹಾಕು."

ತಾತ್ಯಾ ಎಂದರೆ ಜಾಲಿಂದರನ ದೊಡ್ಡಪ್ಪ, ಮನೆತನಕ್ಕೆ ಹಿರಿಯ. ಯಾರೂ ಕೇಳುವ ಮೊದಲೇ ಅವನು ತೀರ್ಪು ಕೊಟ್ಟಾಗಿತ್ತು: ಈ ಮನೆಯ ಹೆಣ್ಣುಹುಡುಗಿ ಬೇರೆ ಊರಲ್ಲಿ ಮಲಗಿ ಎದ್ದದ್ದಿಲ್ಲ, ಇನ್ನು ಮುಂದೆಯೂ ಇಲ್ಲ. ಶೇವಂತಾ ತಾನೇ ಹೋಗಿ ಅವನಿಗೆ ಹೇಳುವಂತಿಲ್ಲ. ತಾತ್ಯಾನ ಎದುರು ಬಾಗಿಲ ಹಿಂದೆ ನಿಲ್ಲಬೇಕು, ಸೆರಗು ಮೂಗಿನವರೆಗೆ ಇಳಿದಿರಬೇಕು, ಹೇಳಬೇಕಾದ್ದನ್ನು ಚಿಕ್ಕ ಮಕ್ಕಳ ಬಾಯಿಂದ ಹೇಳಿಸಬೇಕು. ಹದಿನೈದು ವರ್ಷದಲ್ಲಿ ಆ ಮನುಷ್ಯ ಅವಳ ದನಿಯನ್ನೇ ಕೇಳಿರಲಿಲ್ಲ. ಫಾರ್ಮ್ ಕೊಡಲು ಗುರುವಾರ ಕೊನೆಯ ದಿನ. ಇವತ್ತು ಭಾನುವಾರ. ಕೋಣನ ಮುಂದೆ ಎಷ್ಟು ದಿನ ಅಂತ ಕಿನ್ನರಿ ಬಾರಿಸುವುದು? ಶೇವಂತಾಳ ತಲೆ ಚಿಟ್ಟು ಹಿಡಿದುಹೋಗಿತ್ತು.

ಉಳಿದದ್ದು ಒಂದೇ ದಾರಿ, ಅತ್ತೆ ಹೌಸಾಬಾಯಿ. ಅಂದರೆ, ಅತ್ತೆಯೂ ಅಲ್ಲ. ಅತ್ತೆಯ ಮೈಮೇಲೆ ಮಂಗಳವಾರ ಬರುವ ಮೆಸಾಯಿ, ಮನೆಯವರ ಬಾಯಲ್ಲಿ ಆಯಿ.

ಹೌಸಾಬಾಯಿ ಗಂಡನನ್ನು ಕಳೆದುಕೊಂಡು ಹತ್ತೊಂಬತ್ತು ವರ್ಷವಾಗಿತ್ತು. ಆರು ದಿನ ಅವಳು ಮೂಲೆಯಲ್ಲಿ ಕೂತು ಜೋಳದ ಕಲ್ಲು ಆರಿಸುವ ಮುದುಕಿ. ಚಹಾಕ್ಕೆ ಸಕ್ಕರೆ ಕಡಿಮೆಯಾದರೂ ಕೇಳುವುದಿಲ್ಲ, ಕೇಳಿದರೂ ಯಾರೂ ಕೊಡುವುದಿಲ್ಲ. ಮಂಗಳವಾರ ದೀಪ ಹಚ್ಚುವ ಹೊತ್ತಿಗೆ ಮಣೆಯ ಮೇಲೆ ಕೂತು ತೂಗತೊಡಗಿದಳೆಂದರೆ ಮುಗಿಯಿತು, ಮಗ ನೆಲಕ್ಕೆ ಹಣೆ ಹಚ್ಚುತ್ತಾನೆ. ದೇವಿಗೆ ಚಳಿಗಾಲಕ್ಕೆ ಕಂಬಳಿ ಬೇಕು ಎಂದಳು, ಬಂತು. ದೇವಿಗೆ ತನ್ನ ತಂಗಿಯನ್ನು ನೋಡಬೇಕು ಎಂದಳು, ಎಸ್.ಟಿ. ಬಸ್ಸಿನ ತಿಕೀಟು ಬಂತು. ಆ ದೇವಿಯ ತಂಗಿಯ ಗುಡಿ ಹೌಸಾಬಾಯಿಯ ತವರೂರಿನಲ್ಲೇ ಇರುವುದು ಯಾರಿಗೂ ವಿಚಿತ್ರ ಎನಿಸಲಿಲ್ಲ. ಇನ್ನೊಂದಿತ್ತು. ದೇವಿ ಬಂದಾಗ ಹಣೆ ಬೋಳಾಗಿರುವಂತಿಲ್ಲ. ಆ ಒಂದು ಗಳಿಗೆ ಅವಳ ಹಣೆಗೆ ಕಾಸಗಲ ಕುಂಕುಮ ಹಚ್ಚುತ್ತಿದ್ದರು. ದೇವಿ ಹೋದ ಮೇಲೂ ಅವಳು ಅದನ್ನು ಬೇಗ ಒರೆಸಿಕೊಳ್ಳುತ್ತಿರಲಿಲ್ಲ. ಅಡಿಗೆಮನೆಯಲ್ಲಿ ನೀರಿನ ಹಂಡೆಗೆ ಬಗ್ಗಿ ಮುಖ ನೋಡಿಕೊಳ್ಳುವುದನ್ನು ಶೇವಂತಾ ಎರಡು ಸಲ ಕಂಡಿದ್ದಳು. ಕಂಡೂ ಕಾಣದಂತೆ ಹೊರಟುಹೋಗಿದ್ದಳು.

"ಅತ್ತಿ, ನೀವರ ಅವರಿಗೆ ಹೇಳ್ರಿ. ಹಡೆದ ತಾಯಿ ಅದೀರಿ," ಎಂದಳು ಭಾನುವಾರ, ಎದುರು ಕೂತು ತಾನೂ ಜೋಳ ಆರಿಸುತ್ತ.

"ಹಡೆದ ತಾಯಿ!" ಹೌಸಾಬಾಯಿ ನಕ್ಕಳು. "ಕಣ್ಣು ಮಂಜಾಗ್ಯಾವು, ಡಾಕ್ಟರಿಗೆ ತೋರಸು ಅಂತ ಎರಡು ವರ್ಷದಿಂದ ಹೇಳಾಕತ್ತೀನಿ ನಿನ್ನ ಗಂಡಗ. ಹೂಂ ಅಂದಾನ. ಇನ್ನೂ ಹೂಂ ಅನ್ನಾಕತ್ತಾನ."

"ಹಂಗಾದ್ರ ಆಯಿನೇ ಹೇಳಲಿ."

"ಆಯಿ ಏನ್ ಹೇಳ್ತಾಳೋ ನನಗೇನ್ ಗೊತ್ತವ್ವಾ? ಆಕಿ ಬಂದಾಗ ನನಗ ಖಬರ ಇರೂದಿಲ್ಲ."

"ಅದು ಗೊತ್ತೈತ್ರಿ. ಈ ಸಲ ಆಯಿಗೆ ಹೋಳಿಗಿ ನೈವೇದ್ಯ ಮಾಡಬೇಕಂತೀನಿ."

ಮುದುಕಿಯ ಬೆರಳು ಜೋಳದಲ್ಲಿ ನಿಂತವು. "ಜಾಜಿಕಾಯಿ ಹಾಕ್ತೀಯೇನು?"

"ಹಾಕ್ತೀನಿ."

"ಹಾಕು. ಆಯಿಗೆ ಸೇರ್ತೈತಿ." ಮೊರದ ಕಡೆಗೇ ನೋಡುತ್ತ ಕೇಳಿದಳು, "ಗುರುವಾರ ಅಂದಿಯಲ್ಲ ಕಡೇ ದಿನ?"

ಮಂಗಳವಾರ ಸಂಜೆ ಪಡಸಾಲೆ ತುಂಬಿತು. ನೆರೆಮನೆಯ ಗೋದಾಕಾಕು ಬಂದಳು, ಹಾಲು ಕಡಿಮೆ ಮಾಡಿದ ಎಮ್ಮೆಯ ಪ್ರಶ್ನೆ ಹಿಡಿದು ಇನ್ನಿಬ್ಬರು ಬಂದರು. ಎಂದೂ ಬಾರದ ತಾತ್ಯಾ ಅವತ್ತೇ ಬಂದು ಕಂಬಕ್ಕೆ ಒರಗಿ ಕೂತ. ಹೋಳಿಗೆಯ ವಾಸನೆ ಎದುರುಮನೆಗೂ ಹೋಗಿತ್ತಲ್ಲ! ಶೇವಂತಾ ತಲೆಸ್ನಾನ ಮಾಡಿ ಮಡಿಯಲ್ಲಿ ಅಡಿಗೆ ಮಾಡಿದ್ದಳು. ಬಾಗಿಲ ಹಿಂದೆ ನಿಂತು ಕಿವಿಗೊಟ್ಟಿದ್ದಳು.

ಹೌಸಾಬಾಯಿ ತೂಗಿದಳು, ಹೂಂಕರಿಸಿದಳು. ಕುಂಕುಮ ಹಚ್ಚಿದರು. ಎಮ್ಮೆಗೆ ಹಚ್ಚಲು ಅಂಗಾರದ ಬೂದಿ ಕೊಟ್ಟಾಯಿತು. ಆಮೇಲೆ ದನಿ ಬದಲಾಯಿತು.

"ಜಾಲಿಂದರಾ... ಮನಿ ಲಕ್ಷ್ಮಿ ಹೊಸ್ತಿಲಾ ದಾಟಬೇಕು... ಅಕ್ಷರದ ದಾರೀಲೆ ಹೋಗಬೇಕು..."

"ತಡಿ," ಎಂದ ತಾತ್ಯಾ. "ಯಾವ ಲಕ್ಷ್ಮಿ? ಯಾವ ಹೊಸ್ತಿಲಾ? ಬಿಚ್ಚಿ ಹೇಳು. ಇದು ದೇವಿ ಮಾತೋ, ದೇವಿ ಬಾಯಾಗ ಮತ್ಯಾರರ ಇಟ್ಟ ಮಾತೋ?" ಎದ್ದು ಬಂದು, ಆರತಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಅವಳ ಮುಂದೆ ಹಿಡಿದ. "ಖರೇ ಮೆಸಾಯಿ ಇದ್ರ, ಹಿಡಿ ಅಂಗೈಮ್ಯಾಲೆ. ಊರೆಲ್ಲಾ ನೋಡಲಿ."

ಹೌಸಾಬಾಯಿ ತೂಗುವುದು ನಿಂತಿತು. ಉರಿಯುವ ಕರ್ಪೂರ ನೋಡಿದಳು, ಅದರ ಹಿಂದಿನ ಮುಖ ನೋಡಿದಳು. ಹೊಸ ಸೊಸೆಯಾಗಿ ಬಂದ ದಿನದಿಂದ ಆ ಮುಖದ ಮುಂದೆ ತಲೆ ಎತ್ತಿದವಳಲ್ಲ. ಕೈ ತಾನಾಗಿಯೇ ಮೇಲೆ ಹೋಗಿ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಿತು. ದೇವಿ ಭಾವನ ಮುಂದೆ ಸೆರಗು ಹೊದ್ದದ್ದನ್ನು ಯಾರಾದರೂ ಕಂಡಿದ್ದಾರೆಯೇ?

"ಆಯಿ ಹೋದಳು," ಎಂದಳು ಗೋದಾಕಾಕು ಮೆಲ್ಲಗೆ. "ನೀರು ಕೊಡ್ರಿ ಆಕಿಗೆ."

ಜಾಲಿಂದರ ಹೂಂ ಎಂದ.

ಆ ಹೂಂ! ಒಂದೂವರೆ ತಿಂಗಳು, ಅಲ್ಲ, ಹದಿನೈದು ವರ್ಷ ಕೇಳಿದ ಹೂಂ ಅದು. ಶೇವಂತಾ ಯಾವಾಗ ಬಾಗಿಲು ದಾಟಿದಳೋ, ಹಸಿ ಕೂದಲ ಗಂಟು ಯಾವಾಗ ಬಿಚ್ಚಿತೋ, ಸೆರಗು ಎಲ್ಲಿ ಬಿತ್ತೋ, ಅವಳಿಗೇ ತಿಳಿಯಲಿಲ್ಲ. ಮೆಸಾಯಿಯ ಪಟದ ಹಿಂದೆ ಕೈ ಹಾಕಿ ಫಾರ್ಮ್ ಎಳೆದಳು. ಪಟ ಓರೆಯಾಗಿ ನೇತಾಡಿತು.

"ಜಾಲಿಂದರಾ!"

ಖಡಕವಾಡಿಯಲ್ಲಿ ಹೆಂಡತಿಯಾದವಳು ಗಂಡನ ಹೆಸರು ಎತ್ತುವುದಿಲ್ಲ. ಬಾಯಿ ತಪ್ಪಿ ಬಂದರೆ ತುಳಸಿಗೆ ನೀರು ಹಾಕುತ್ತಾರೆ.

"ಸಹಿ ಹಾಕು ಇದಕ್ಕ! ಎಷ್ಟು ಸಲ ಹೇಳಲಿ? ಅನ್ನಾ ನೀಡುವಾಗ ಹೇಳಿದೆ, ನೀರು ಕೊಡುವಾಗ ಹೇಳಿದೆ, ಹಾಸಿಗಿ ಹಾಸುವಾಗ ಹೇಳಿದೆ. ಕಿವಿಯಾಗ ಏನ್ ಸಗಣಿ ತುಂಬೈತಿ? ಹುಡುಗಿ ಶಾಲಿಗೇ ಮೊದಲ ಬಂದಾಳ. ನಿನ್ನ ಮಗಳು! ಆಕೀನ್ನ ಇಲ್ಲಿಟ್ಟು ಏನ್ ಮಾಡ್ತೀ, ಇನ್ನೊಂದು ಶೇವಂತಾನ್ನ ಮಾಡ್ತೀಯಾ?"

"ಅಯ್ಯಯ್ಯೋ," ಗೋದಾಕಾಕು ಎರಡೂ ಕೈ ಜೋಡಿಸಿದಳು. "ಮುದುಕೀನ್ನ ಬಿಟ್ಟು ಸೊಸಿ ಮ್ಯಾಲೆ ಬಂದ್ಲು! ಗಂಡನ ಹೆಸರು ತಗೊಂಡ್ಲು ನೋಡ್ರಿ. ಶೇವಂತಾ ತಗೋತಾಳೇನು? ಆಯಿನೇ!"

"ನಾ ಆಯಿ ಅಲ್ಲ! ನಾ ಶೇವಂತಾ ಅದೀನಿ, ಶೇವಂತಾ!"

"ತನ್ನ ಭಕ್ತಳ ಹೆಸರಿಲೆ ಮಾತಾಡಾಕತ್ತಾಳ ತಾಯಿ," ಎಂದು ಎಮ್ಮೆಯವಳು ಅಡ್ಡಬಿದ್ದಳು.

ತಾತ್ಯಾ ಮಾತ್ರ ಬಗ್ಗಲಿಲ್ಲ. ಕರ್ಪೂರದ ತಟ್ಟೆಯನ್ನು ಈಗ ಇವಳ ಮುಂದೆ ಹಿಡಿದ. ಶೇವಂತಾಳಿಗೆ ರೇಗಿಹೋಯಿತು. ಉರಿಯುವ ಬಿಲ್ಲೆಯನ್ನು ಬೆರಳಿನಿಂದ ಎತ್ತಿ, ಅಂಗೈಯಲ್ಲಿ ಒತ್ತಿ ನಂದಿಸಿ, ಕರಿಯನ್ನು ಅವನ ಕಾಲ ಬುಡಕ್ಕೆ ಒಗೆದಳು.

"ಇದೇನು ಪರೀಕ್ಷಾ ತಾತ್ಯಾ? ದಿನಾ ಎರಡು ಹೊತ್ತು ಹಂಚಿನ ಮ್ಯಾಲಿನ ಭಾಕರೀನ ಬರಿಗೈಲೆ ತಿರುವಿ ಹಾಕ್ತೀನಿ. ಹದಿನೈದು ವರ್ಷ ಆತು. ಅವಾಗ ಯಾರೂ ಕೈ ಮುಗಿಲಿಲ್ಲ!"

ತಾತ್ಯಾ ಅವಳ ದನಿಯನ್ನು ಮೊದಲ ಸಲ ಕೇಳುತ್ತಿದ್ದ. ಇಂಥ ದನಿ ತನ್ನ ಮನೆಯ ಸೊಸೆಗೆ ಇರುವುದು ಸಾಧ್ಯವೇ ಇಲ್ಲ ಎಂದು ಅವನಿಗೆ ಖಾತ್ರಿಯಾಯಿತು. ರುಮಾಲು ತೆಗೆದು ಪಕ್ಕಕ್ಕಿಟ್ಟು ನೆಲಕ್ಕೆ ಹಣೆ ಹಚ್ಚಿದ. "ತಪ್ಪಾತು ತಾಯಿ. ಹುಡುಗಿ ಹೋಗಲಿ. ಏ ಜಾಲಿಂದರಾ, ಪೆನ್ನು ತಾರೋ!"

ಜಾಲಿಂದರ ಓಡಿಹೋಗಿ ಪೆನ್ನು ತಂದ. ಸಹಿ ಚೆನ್ನಾಗಿಯೇ ಬಂತು.

ಶೇವಂತಾ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಅಲ್ರಪಾ, ನಾ ಖರೇನ..." ಎಂದು ಮತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ಹೌಸಾಬಾಯಿ ಮೊಣಕಾಲಿನ ಮೇಲೆ ತೆವಳುತ್ತ ಬಂದು ಅವಳ ಪಾದಕ್ಕೆ ತಲೆ ಇಟ್ಟಳು. ಇಟ್ಟವಳು ಕಾಲು ಬಿಡಲಿಲ್ಲ. ಯಾರಿಗೂ ಕೇಳದಂತೆ ಗೊಣಗಿದಳು:

"ನೀ ಶೇವಂತಾ ಅನ್ನೂದು ನನಗ ಗೊತ್ತೈತಿ. ಸುಮ್ಮನ ಕೂಡು. ಸಹಿ ಒಣಗಲಿ."

ಶೇವಂತಾ ಕೂತಳು.

ಬುಧವಾರ ಬೆಳಿಗ್ಗೆ ಜಾಲಿಂದರನೇ ಫಾರ್ಮ್ ಒಯ್ದು ಮಾಸ್ತರರಿಗೆ ಕೊಟ್ಟುಬಂದ. ಉಜ್ವಲಾ ತಾಯಿಯ ಬೊಬ್ಬೆ ಬಂದ ಅಂಗೈಗೆ ಎಣ್ಣೆ ಹಚ್ಚುತ್ತ ಕೇಳಿದಳು, "ಅವ್ವಾ, ಖರೇ ಹೇಳು. ನಿನ್ನೆ ದೇವಿ ಬಂದಿದ್ಲೇನು?"

"ಸಿಟ್ಟು ಬಂದಿತ್ತು."

"ಅಪ್ಪಗ ಹೇಳು ಮತ್ತ."

"ಹೇಳೀನಿ. ಹೂಂ ಅಂದ."

ಹಾಸ್ಟೆಲಿಗೆ ಟ್ರಂಕು ಬೇಕಿತ್ತು. ಶನಿವಾರ ಊಟಕ್ಕೆ ಬಡಿಸುತ್ತ ಹೇಳಿದಳು, "ಏನ್ರಿ, ಮುಂದಿನ ಶುಕ್ರವಾರ ಉಜ್ವಲಾ ಹೋಗಬೇಕು. ಒಂದು ಟ್ರಂಕು ತರ್ರಿ."

"ಹೂಂ," ಎಂದ ಜಾಲಿಂದರ. ಭಾಕರಿ ಮುರಿದ. ಆಮೇಲೆ ಬಲು ಭಕ್ತಿಯಿಂದ, "ಮಂಗಳವಾರ ಬರಲಿ. ಆಯಿ ಏನಂತಾಳೋ ನೋಡೋಣು."

ಶೇವಂತಾ ಸಾರಿನ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಈ ಸೌಟಿನಿಂದ ಏನಾದರೂ ಮಾಡಿಬಿಟ್ಟೇನು ಎಂದು ಹೆದರಿ ಅದನ್ನು ಕೆಳಗಿಟ್ಟಳು.

ಮಂಗಳವಾರ ಬಂತು. ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಕರ್ಪೂರ ನುಂಗಿದ ದೇವಿ ಎಂದು ಪಕ್ಕದೂರಿಗೆಲ್ಲ ಸುದ್ದಿ ಹೋಗಿತ್ತು. ನಂದಿಸಿದ್ದು ನುಂಗಿದ್ದಾಗಲು ಒಂದು ವಾರ ಸಾಕು ನೋಡಿ! ಮಣೆಯನ್ನು ತೊಳೆದು ಶೇವಂತಾಳಿಗೆ ಹಾಕಿದ್ದರು. ಅವಳು ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದಳು. ನನ್ನ ಮೈಮೇಲೆ ಯಾರೂ ಬರುವುದಿಲ್ಲ, ಮನೆಗೆ ಹೋಗಿ ಎಂದು ನಾಲ್ಕು ಜನರ ಮುಂದೆ ಹೇಳಿಬಿಡಬೇಕು. ಹೇಳಿದರೆ ಟ್ರಂಕು ಹೋಯಿತು. ಬಹುಶಃ ಹಾಸ್ಟೆಲೂ ಹೋಯಿತು, ತಾತ್ಯಾ ಕಂಬಕ್ಕೆ ಒರಗಿ ಕೂತೇ ಇದ್ದ.

ಆಗ ಅವಳ ಕಣ್ಣು ಗೋಡೆಯ ಕಡೆ ಹೋಯಿತು. ಹೌಸಾಬಾಯಿ ಅಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು. ದೇವಿ ಬಿಟ್ಟುಹೋದ ಮುದುಕಿಯನ್ನು ಯಾರು ಕೇಳುತ್ತಾರೆ? ಮಂಗಳವಾರದ ದೀಪ ಹಚ್ಚಿದ್ದಾರೆ, ಅವಳ ಹಣೆ ಬೋಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಯಾರು ಹೇಳಿದರೋ ಏನೋ, ಈ ಮನೆಯಲ್ಲಿ ಇಬ್ಬರಿಗೂ ಸೇರಿ ಇದ್ದದ್ದು ಒಂದು ಮಂಗಳವಾರ. ಅದನ್ನೂ ಶೇವಂತಾ ಕಸಿದುಕೊಂಡಿದ್ದಳು.

ಅವಳು ತುರುಬಿನ ಪಿನ್ನು ಎಳೆದಳು. ಕೂದಲು ಬೆನ್ನಿಗೆ ಬಿತ್ತು. ತೂಗಲಿಲ್ಲ, ಹೂಂಕರಿಸಲಿಲ್ಲ, ಅದೆಲ್ಲ ಅವಳಿಗೆ ಬರುವುದೂ ಇಲ್ಲ.

"ಮೊದಲ ಆಕಿ ಹಣಿಗೆ ಕುಂಕುಮ ಹಚ್ಚರಿ," ಎಂದು ಗೋಡೆಯ ಕಡೆ ಕೈ ತೋರಿಸಿದಳು.

ಜನ ಮುಖ ಮುಖ ನೋಡಿಕೊಂಡರು. ತಾತ್ಯಾ ಕೈ ಜೋಡಿಸಿದ. "ತಾಯಿ, ನೀನಿಲ್ಲದಾಗ ಆಕಿ ವಿಧವಾ..."

"ನಾ ನಿನ್ನ ಕೇಳಿದೆನೇನು?"

ಗೋದಾಕಾಕು ಬಟ್ಟಲು ತೆಗೆದುಕೊಂಡು ಹೋಗಿ ಹೌಸಾಬಾಯಿಯ ಹಣೆಗೆ ಕಾಸಗಲ ಹಚ್ಚಿದಳು. ಮುದುಕಿಯ ಮಡಿಲಿನಿಂದ ಬೆಳ್ಳುಳ್ಳಿ ಚೆಲ್ಲಿ ಹೋಯಿತು.

"ಇವತ್ತಷ್ಟ ಅಲ್ಲ. ದಿನಾ. ಕಣ್ಣಿನ ಡಾಕ್ಟರಿಗೆ ತೋರಸೂದು ಈ ವಾರನ. ಜಾಲಿಂದರಾ!"

"ತಾಯಿ."

"ಟ್ರಂಕು. ಕಬ್ಬಿಣದ್ದು. ಬೀಗ ಬ್ಯಾರೆ ತರಬೇಕು."

"ಆಗಲಿ ತಾಯಿ," ಎಂದು ಜಾಲಿಂದರ ನೆಲಕ್ಕೆ ಹಣೆ ಹಚ್ಚಿದ.

ಶನಿವಾರ ಸೌಟು ಹಿಡಿದು ಹೇಳಿದ ದನಿ ಯಾವುದೋ, ಇದೂ ಅದೇ ದನಿ. ಒಂದು ಕೂದಲಿನಷ್ಟೂ ಬೇರೆ ಇರಲಿಲ್ಲ. ಬಗ್ಗಿದ ಆ ನೆತ್ತಿಯನ್ನು ನೋಡುತ್ತ ಶೇವಂತಾಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಟ್ರಂಕು ಬಂದಿತ್ತು, ಬೀಗದ ಸಮೇತ.