ಗಂಡು ವಿಚಾರಿಸಲು ಕುಣಿಗಲ್ಲಿಗೆ

ಹೆಣ್ಣು ಹೆತ್ತವರು ಗಂಡಿನ ಮನೆಗೆ ಹೇಳಿ ಕಳಿಸಿ ಹೋಗುವುದು ಆಮೇಲಿನ ಮಾತು. ಅದಕ್ಕೂ ಮೊದಲು ಯಾರಿಗೂ ತಿಳಿಸದೆ ಆ ಊರಿಗೆ ಹೋಗಿ, ಹುಡುಗ ಎಂಥವನೆಂದು ಅಲ್ಲಿ ಇಲ್ಲಿ ವಿಚಾರಿಸಿಕೊಂಡು ಬರಬೇಕು. ಎಪ್ಪತ್ತೊಂಬತ್ತರ ಮಾಘದಲ್ಲಿ ನಿಟ್ಟೂರಿನ ಕದರಯ್ಯ ತುಮಕೂರಿನಲ್ಲಿ ಬಸ್ಸು ಬದಲಿಸಿ ಕುಣಿಗಲ್ಲಿಗೆ ಬಂದದ್ದು ಅದಕ್ಕೇ. ಕಿರಿಮಗಳು ಮಂಜುಳಳಿಗೆ ಕುದುರೆ ಫಾರಂನಲ್ಲಿ ಕೆಲಸದಲ್ಲಿದ್ದ ಚಿಕ್ಕಬೋರನ ಸಂಬಂಧ ಬಂದಿತ್ತು.

"ಬಂಗಾರದಂಥ ಹುಡ್ಗ, ಕಣ್ಮುಚ್ಕೊಂಡು ಕೊಡಿ" ಅಂದ ಬಸ್‌ಸ್ಟ್ಯಾಂಡಿನ ಹೋಟೆಲಿನವನು. ಕ್ಷೌರದಂಗಡಿಯವನೂ ಅದನ್ನೇ ಅಂದ. ಹುಡುಗನ ಎದುರುಮನೆಯ ಚಿಕ್ಕಮಾರಮ್ಮ, "ಅವ್ನ ಬಾಯಲ್ಲಿ ಒಂದು ಕೆಟ್ಟ ಮಾತು ಕೇಳಿಲ್ಲ ಕಣಪ್ಪ" ಅಂದವಳು ಬಾಗಿಲು ಮುಂದೆ ಮಾಡಿಕೊಂಡಳು.

ಕದರಯ್ಯನಿಗೆ ಸಮಾಧಾನವಾಗಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ಜನ ನಾವು. ಕೂಡುವ ಸಂಬಂಧಕ್ಕೆ ಕಲ್ಲು ಹಾಕಿದ ಪಾಪ ಯಾರಿಗೆ ಬೇಕು? ಹಿರಿಮಗಳು ಸಿದ್ದಲಕ್ಷ್ಮಿಯನ್ನು ಕೊಡುವಾಗ ಗುಬ್ಬಿಯಲ್ಲಿ ಹತ್ತು ಜನರನ್ನು ಕೇಳಿದ್ದ. ಹತ್ತೂ ಜನ ಹೊಗಳಿದ್ದರು. ಈಗ ಅವಳು ತವರಿನಲ್ಲಿದ್ದಾಳೆ. ಕುಡುಕ ಗಂಡ ಮುರಿದ ಕೈ ಸೊಟ್ಟಗೇ ಕೂಡಿಕೊಂಡಿದೆ. ಹಾಗಂತ ಕದರಯ್ಯನೇನೂ ಹರಿಶ್ಚಂದ್ರನಲ್ಲ. ಪಕ್ಕದ ಮನೆಯ ಸೋಮಾರಿಯನ್ನು ಯಾರೋ ವಿಚಾರಿಸಿಕೊಂಡು ಬಂದಾಗ ಅವನೂ ಹೊಗಳಿಯೇ ಕಳಿಸಿದ್ದ.

ಈ ಸಲ ಕಣ್ಣಾರೆ ನೋಡಿಯೇಬಿಡೋಣವೆಂದು ಫಾರಂ ಕಡೆ ನಡೆದ. ಗೇಟಿನಲ್ಲಿ ಕೇಳಿದಾಗ ಬೇಲಿಯಾಚೆ ಇದ್ದ ಚಿಕ್ಕಬೋರನನ್ನು ತೋರಿಸಿದರು. ಎತ್ತರದ ಹೆಣ್ಣುಕುದುರೆಯೊಂದು ಬೆದರಿ ಹಗ್ಗ ಜಗ್ಗುತ್ತಿತ್ತು. ಹುಡುಗ ಗದರಲಿಲ್ಲ, ಎಳೆಯಲಿಲ್ಲ. ಮೆಲ್ಲಗೆ ಏನೋ ಮಾತಾಡುತ್ತ ಕಾದ. ಕುದುರೆ ತಾನಾಗಿಯೇ ಬಂದು ಅವನ ಹೆಗಲಿಗೆ ಗದ್ದ ಇಟ್ಟಿತು. ಮೂಕಪ್ರಾಣಿ ಸುಳ್ಳು ಹೇಳುತ್ತದೆಯೇ? ಇವನೇ ನನ್ನ ಅಳಿಯ ಅಂದುಕೊಂಡ ಕದರಯ್ಯ.

ಹತ್ತಿರದ ಮರದಡಿ ಮುದುಕ ದಸ್ತಗೀರ್ ಸಾಬರು ಲಗಾಮು ಒರೆಸುತ್ತ ಕೂತಿದ್ದರು. ಚಿಕ್ಕಬೋರನಿಗೆ ಕೆಲಸ ಕಲಿಸಿದವರು ಅವರೇ. ಕದರಯ್ಯ ಶಾಸ್ತ್ರಕ್ಕೆ ಅವರನ್ನೂ ಒಂದು ಮಾತು ಕೇಳಿದ.

"ಹುಡ್ಗ ಹೆಂಗೆ ಸಾಬ್ರೆ?"

"ಕುದ್ರೆ ಕೆಲ್ಸದಲ್ಲಿ ಅವ್ನ ಸಮ ಇನ್ನೊಬ್ನಿಲ್ಲ. ಯಾಕೆ, ಹೆಣ್ಣು ಕೊಡ್ತೀರಾ?"

"ಹೂಂ. ದೊಡ್ಡೋಳ್ನ ಕುಡುಕನಿಗೆ ಕೊಟ್ಟು ಕೈ ಮುರಿಸ್ದೆ. ಇವ್ಳಾದ್ರೂ ನೆಮ್ಮದಿಯಾಗಿರ್ಲಿ ಅಂತ."

ಸಾಬರು ಲಗಾಮು ಕೆಳಗಿಟ್ಟರು. ಬೇಲಿಯಾಚೆ ಚಿಕ್ಕಬೋರನ ಕಡೆ ನೋಡಿದರು. ಸ್ವಂತ ಮಗನಂತೆ ತಿದ್ದಿ ಬೆಳೆಸಿದ ಹುಡುಗ, ಅವರಿಗೆ ಸಂಕಟವಾಯಿತು.

"ಕುದ್ರೆ ಮೇಲೆ ಒಂದಿನಾನೂ ಕೈಯೆತ್ತಿಲ್ಲ ಅವ್ನು" ಅಂದರು ಕಡೆಗೆ. "ಕುಡಿದ ದಿನ ಕುದ್ರೆ ಹತ್ರ ಸುಳಿಯೋದೇ ಇಲ್ಲ ಯಜಮಾನ್ರೆ. ಸೀದಾ ಮನೆಗೆ ಹೋಗ್ತಾನೆ. ಅಲ್ಲಿ ಅವ್ರವ್ವ ಇದಾಳಲ್ಲ, ಏಟು ತಿನ್ನೋಕೆ."

ಕದರಯ್ಯ ಮುದುಕನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟ.